ಕಣ್ಣು ಮುಚ್ಚಿ ಗುಂಡಿ ಹಾಕುವ ಪಾಠ

ಅಲ್ಲಲ್ಲ, ಆ ಬೆಂಚಿನ ಮೇಲೆ ಕೂರಬೇಡ ಪುಟ್ಟಿ. ಅದು ಒಂದನೇ ಕ್ಲಾಸಿನವರದು, ಮೊಣಕಾಲು ಗಲ್ಲಕ್ಕೆ ಬಡಿಯುತ್ತೆ. ಕಿಟಕಿ ಹತ್ರ ಕುರ್ಚಿ ಇದೆ, ಅಲ್ಲಿ ಕೂತ್ಕೋ. ಹಾಂ, ಅಲ್ಲೇ. ಈಗ ಹೇಳು, ದೊಡ್ಡ ಮೇಡಂ ಫೋನಿನಲ್ಲಿ ಏನಂದ್ರು? ಬೇಡ ಬಿಡು, ನಾನೇ ಹೇಳ್ತೀನಿ. ‘ನಿಮ್ಮಣ್ಣನ ಕ್ಲಾಸಿನಲ್ಲಿ ಒಂದು ಮಗು ಕೈ ಕುಯ್ಕೊಂಡಿದೆ, ಸ್ವಲ್ಪ ಬಂದು ಅವರ ಹತ್ರ ಮಾತಾಡಿ’ ಅಂದಿರ್ತಾರೆ. ಇಷ್ಟು ವರ್ಷ ಮೇಷ್ಟ್ರಾಗಿರೋ ನನಗೆ ಬುದ್ಧಿ ಹೇಳೋಕೆ ತಂಗೀನ ಕರೆಸಿದ್ದಾರೆ ನೋಡು. ನಗ್ತಿದ್ದೀಯಾ? ನಗು, ನಗು. ನೀನು ಚಿಕ್ಕವಳಿದ್ದಾಗ ನಿನ್ನ ಮೇಲಿನ ದೂರು ಕೇಳೋಕೆ ನಾನು ಸ್ಕೂಲಿಗೆ ಬರ್ತಿದ್ದೆ. ಈಗ ಸರದಿ ನಿನ್ನದು.

ಕೈ ಕುಯ್ಕೊಂಡ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಈ ಕ್ಲಾಸು ಏನು ಅಂತ ನಿನಗೆ ತಿಳೀಬೇಕು. ನಾನು ಡ್ರಿಲ್ ಮೇಷ್ಟ್ರು. ಓಡಿಸ್ತಿದ್ದೆ, ಬಗ್ಗಿಸ್ತಿದ್ದೆ, ಸೀಟಿ ಊದ್ತಿದ್ದೆ, ಅಷ್ಟೇ. ಒಂದು ಬೆಳಿಗ್ಗೆ ಒಬ್ಬಳು ಹುಡುಗಿ ಶೂ ಲೇಸು ನೆಲಕ್ಕೆ ಎಳೆದುಕೊಂಡು ಬಂದಳು. ಗುಬ್ಬಿ ಅಂತೀವಿ ಅವಳನ್ನ, ಅಷ್ಟು ಸಣ್ಣಗಿದ್ದಾಳೆ. ಗದರಿಸಿದೆ. ‘ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಸಾರ್, ನನಗೆ ಕಟ್ಟೋಕೆ ಬರಲ್ಲ’ ಅಂದಳು. ಮೈಯಲ್ಲಿ ಎಷ್ಟು ಮೂಳೆ ಇವೆ ಅಂದ್ರೆ ಥಟ್ಟನೆ ಹೇಳೋ ಮಗು, ಲೇಸು ಕಟ್ಟೋಕೆ ಬರಲ್ಲ. ಸೀಟಿ ಜೇಬಿಗೆ ಹಾಕ್ಕೊಂಡು ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಅಲ್ಲಿಂದ ಶುರುವಾಯ್ತು. ಲೇಸು ಆಯ್ತು, ಗುಂಡಿ ಹೊಲಿಯೋದಾಯ್ತು, ಗಾಯ ತೊಳೆದು ಪಟ್ಟಿ ಕಟ್ಟೋದಾಯ್ತು, ಸೌತೆಕಾಯಿ ಹೆಚ್ಚೋದಾಯ್ತು. ಸಿಟ್ಟು ಬಂದವರಿಗೆ ಸೋಪು ನೀರು ಕೊಡ್ತೀನಿ, ಗುಳ್ಳೆ ಊದಿ ಅಂತೀನಿ. ಬುಸುಗುಟ್ಟಿದ್ರೆ ಒಡೆದು ಹೋಗುತ್ತೆ, ಮೆಲ್ಲಗೆ ಉಸಿರು ಬಿಟ್ರೆ ಮಾತ್ರ ದೊಡ್ಡದಾಗುತ್ತೆ. ಸಿಟ್ಟು ಎಲ್ಲಿ ಹೋಯ್ತು ಅಂತ ಅವರಿಗೇ ಗೊತ್ತಾಗಲ್ಲ. ಇನ್ನೊಂದು ದಿನ ಜೇಡಿಮಣ್ಣು ಕೊಟ್ಟು, ನಿಮ್ಮ ಹೊಟ್ಟೆಯೊಳಗೆ ಏನಾಗ್ತಿದೆಯೋ ಅದನ್ನ ಮಾಡಿ ಅಂದೆ. ಗುಬ್ಬಿ ಗೋಲಿಯಷ್ಟು ಉಂಡೆ ಮಾಡಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು. ‘ಏನಮ್ಮ ಅದು?’ ಅಂದೆ. ‘ಅಮ್ಮ ವಾಪಸ್ ಬರದೇ ಇದ್ರೆ ಅಂತ ಸಾರ್’ ಅಂದಳು.

ಬಂದ್ರು, ಬಂದ್ರು. ಅವಳಮ್ಮ ಹುಷಾರಾಗಿ ಮನೆಗೆ ಬಂದ್ರು. ಮೂಗು ಒರೆಸ್ಕೋ, ನೀನು ಚಿಕ್ಕಂದಿನಿಂದ ಹಾಗೇ, ಬೇರೆಯವರ ಮಕ್ಕಳಿಗೆ ಮೊದಲು ಅಳ್ತೀಯ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಯಾವುದು ಗೊತ್ತಾ? ಕಣ್ಣು ಮುಚ್ಚಿ ಮಾಡೋ ಪಾಠ. ಕರವಸ್ತ್ರ ಕಟ್ಟಿ ಗುಂಡಿ ಹಾಕಿಸ್ತೀನಿ. ಲೋಟಕ್ಕೆ ನೀರು ಬಗ್ಗಿಸೋವಾಗ ಅಂಚಿನೊಳಗೆ ಬೆರಳಿಟ್ಟುಕೊಳ್ಳಬೇಕು, ತಣ್ಣಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಬಾಗಿಲಿನಿಂದ ನನ್ನ ಮೇಜಿನವರೆಗೆ ಗೋಡೆ ತಡವಿಕೊಂಡು ಬರಬೇಕು. ನಾನೂ ಕರವಸ್ತ್ರ ಕಟ್ಟಿಕೊಂಡು ಮಾಡಿ ತೋರಿಸ್ತೀನಿ, ಒಂದು ಹನಿ ಚೆಲ್ಲಲ್ಲ. ಚಪ್ಪಾಳೆ ತಟ್ತಾರೆ.

ಯಾಕೆ ಕುರ್ಚಿ ಸರಿಸಿದೆ? ಆಟ ಕಣೇ ಅದು. ಕರೆಂಟ್ ಹೋದ್ರೆ ಹೆದರಬಾರದು ಅಂತ ಆಡಿಸೋದು.

ಸರಿ, ಆ ವಿಷಯ. ನಿನ್ನೆ ಸೌತೆಕಾಯಿ ಹೆಚ್ಚಿಸ್ತಿದ್ದೆ. ನಾನು ಗುಬ್ಬಿ ಪಕ್ಕದಲ್ಲೇ ನಿಂತಿದ್ದೆ, ದೂರ ಇರಲಿಲ್ಲ. ಅವಳ ಕೈಯಲ್ಲಿ ಚಾಕು ಜಾರ್ತು. ಒಬ್ಬರೂ ಕಿರುಚಲಿಲ್ಲ ಪುಟ್ಟಿ. ಒಬ್ಬಳು ನೀರು ತಂದಳಂತೆ, ಒಬ್ಬ ಬಟ್ಟೆ ಒತ್ತಿ ಹಿಡಿದನಂತೆ, ಕೈ ಮೇಲಕ್ಕೆ ಎತ್ತಿಸಿ ಪಟ್ಟಿ ಕಟ್ಟಿದರಂತೆ. ಕಲಿಸಿದ್ದೆಲ್ಲ ಕಲಿಸಿದ ಹಾಗೇ. ನನಗೆ ಎಷ್ಟು ಹೆಮ್ಮೆ ಅಂತ...

ಅಂತೆ ಅಂದೆನಾ? ಮಾತಿಗೆ ಹಾಗಂದೆ. ನಾನು ಅಲ್ಲೇ ಇದ್ದೆನಲ್ಲ. ಗದ್ದಲದಲ್ಲಿ ಸರಿಯಾಗಿ ಗಮನ ಹೋಗಲಿಲ್ಲ. ಹೌದು, ಈಗ ತಾನೇ ಯಾರೂ ಕಿರುಚಲಿಲ್ಲ ಅಂದೆ. ನೀನೇನು ವಕೀಲರ ಹಾಗೆ ಪಾಟೀಸವಾಲು ಹಾಕ್ತೀಯ?

ನೋಡು, ಮೇಡಂಗೆ ಇಷ್ಟು ಹೇಳು. ಚಾಕು ಬಿಟ್ಟುಬಿಡ್ತೀನಿ. ಗುಂಡಿ, ಮಣ್ಣು, ಸೋಪು ನೀರು ಮಾತ್ರ ಇಟ್ಕೋತೀನಿ. ಈ ಕ್ಲಾಸು ಕಿತ್ಕೊಂಡ್ರೆ ನನಗೆ ಬೇರೆ ಏನೂ ಇಲ್ಲ. ನಿನ್ನ ಮಾತು ಕೇಳ್ತಾರೆ ಅವರು. ಹೇಳ್ತೀಯ ತಾನೇ?

ಪುಟ್ಟಿ?

ತಲೆ ಆಡಿಸಿದ್ರೆ ಆಗಲ್ಲ, ಬಾಯಿಬಿಟ್ಟು ಹೇಳು. ಹೊತ್ತು ಮುಳುಗ್ತಾ ಇದೆ. ನೀನು ಕಿಟಕಿಗೆ ಅಡ್ಡ ಕೂತಿದ್ದೆ, ನಿನ್ನ ಆಕಾರ ಕಾಣ್ತಿತ್ತು, ಈಗ... ಎದ್ದು ಹೋದ್ಯಾ? ಬಾಗಿಲು ತೆರೆದ ಸದ್ದು ಕೇಳಲಿಲ್ಲವಲ್ಲ. ಯಾಕೆ ಸುಮ್ಮನಿದ್ದೀಯ? ಹೂಂ ಅನ್ನು ಸಾಕು.

ಸರಿ. ಗೊತ್ತಾಯ್ತು. ಬೇಕು ಅಂತಲೇ ಸುಮ್ಮನಿದ್ದೀಯ.

ಹೋದ ವರ್ಷದಿಂದ ಕಣೇ. ನೋಡಿದ ಕಡೆ ನಡುಮಧ್ಯೆ ಮಸಿ ಮೆತ್ತಿದ ಹಾಗೆ. ಮುಖ ನೋಡಿದ್ರೆ ಮುಖ ಇಲ್ಲ, ಕಿವಿ ಇದೆ, ಭುಜ ಇದೆ. ದೃಷ್ಟಿ ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ ಕಲಿಸೋ ನೆಪದಲ್ಲಿ ನಾನೇ ಕಲೀತಿದ್ದೆ, ಗುಂಡಿ, ನೀರು, ಗೋಡೆ.

ಇನ್ನೊಂದು ಕೇಳು, ಇದು ಮೇಡಂಗೂ ಗೊತ್ತಿಲ್ಲ. ಆ ಮಗು ರಕ್ತ ಸುರಿಸ್ತಾ ನಿಂತಿದ್ದಾಗ ನಾನು ಅವಳ ಭುಜ ತಟ್ಟಿ, ‘ಶಭಾಷ್, ಎಷ್ಟು ತೆಳ್ಳಗೆ ಹೆಚ್ಚಿದ್ದೀಯ’ ಅಂದೆ. ಅವಳು ‘ಹೂಂ ಸಾರ್’ ಅಂದಳು. ಅಷ್ಟೇ. ಅಳಲಿಲ್ಲ, ನೋಡಿ ಸಾರ್ ಅನ್ನಲಿಲ್ಲ. ಆ ಮಕ್ಕಳಿಗೆಲ್ಲ ಯಾವತ್ತಿನಿಂದಲೋ ಗೊತ್ತಿದೆ ಪುಟ್ಟಿ. ನನಗೆ ಬೇಜಾರಾಗುತ್ತೆ ಅಂತ ಕೈ ಒತ್ತಿ ಹಿಡ್ಕೊಂಡು ಸುಮ್ಮನೆ ನಿಂತಿದ್ದಾಳೆ. ಇನ್ನು ನಾನು ಆ ಮಕ್ಕಳ ಮುಂದೆ ನಿಲ್ಲಬಾರದು. ನನಗೂ ಗೊತ್ತು. ಮೇಡಂಗೆ ನೀನು ಏನೂ ಹೇಳೋದು ಬೇಡ, ನಾನೇ ಹೇಳ್ತೀನಿ.

ಮಾತಾಡೇ. ಬಯ್ಯಿ ಬೇಕಾದ್ರೆ. ಎಲ್ಲಿದ್ದೀಯ ಅಂತಾದ್ರೂ... ತಾಳು, ನಾನೇ ಬರ್ತೀನಿ. ಇದು ಮೇಜು. ಇದು ಕುರ್ಚಿ, ಖಾಲಿ. ಇದು...

ಇಲ್ಲೇ ಇದ್ದೀಯ. ನಿನ್ನ ಕೈ. ಹಿಡ್ಕೊಂಡೆ, ಹಿಡ್ಕೊಂಡೆ, ಅಳಬೇಡ. ಎಷ್ಟು ಹೊತ್ತಾಯ್ತು ಪುಟ್ಟಿ, ನೀನು ಹೀಗೆ ನನ್ನೆದುರಿಗೆ ಕೈ ಚಾಚಿಕೊಂಡು ನಿಂತು?