ನಲವತ್ತು ದಿನದ ಏಕಾಂತ

ರಕ್ತಪರೀಕ್ಷೆಯ ವರದಿಗಾಗಿ ಲ್ಯಾಬಿನ ಹೊರಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿ ಟೈಲರ್ ಎಂಬುದು ಅವಳ ತೋಳಿಗಂಟಿದ್ದ ದಾರದ ಚೂರುಗಳಿಂದಲೇ ತಿಳಿಯುತ್ತಿತ್ತು.

“ಅಂಗಡಿ ಬಿಟ್ಟು ನಲವತ್ತು ದಿನ ಏಕಾಂತದಲ್ಲಿ ಧ್ಯಾನಕ್ಕೆ ಕೂರ್ತೀನಿ, ಅಪ್ಪಣೆ ಕೊಡಿ ಅಂತ ನಮ್ಮ ಸೂಫಿ ಗುರುಗಳನ್ನ ಕೇಳ್ದೆ ಅಕ್ಕಾ.”

“ಏನಂದ್ರು?”

“ಈ ಕಾಲದಲ್ಲಿ ದುಡಿಮೆ ಬಿಡೋದು ವೈರಾಗ್ಯ ಅಲ್ಲಮ್ಮ, ದುಡೀತಾನೇ ಆಸೆ ಬಿಡೋದು ವೈರಾಗ್ಯ. ಗುಂಡಿ ಹೊಲೀತಾನೇ ದೇವರ ಹೆಸರು ಹೇಳ್ಕೋ ಅಂದ್ರು.”

“ಸರಿಯಾಗೇ ಹೇಳಿದಾರಲ್ಲೇ. ಶಾಲೆ ಶುರುವಾಗೋ ಹೊತ್ತು, ಯೂನಿಫಾರ್ಮ್ ರಾಶಿ ಬಿದ್ದಿದೆ. ನೀನು ಏಕಾಂತ ಅಂತ ಕೂತ್ರೆ ಹೊಲಿಯೋರು ಯಾರು?”

“ಹೋದ ವರ್ಷ ನಮ್ಮ ಯಜಮಾನ್ರು ಹೀಗೇ ಅಂಗಡಿ ಬಿಟ್ಟು ಕೂತಾಗ ಹೊಲಿದೋರು ಯಾರು?”

ಅಕ್ಕ ಕೈಲಿದ್ದ ಲ್ಯಾಬಿನ ಚೀಟಿ ಮಡಚತೊಡಗಿದಳು.

“ಅದನ್ನೇ ಗುರುಗಳನ್ನೂ ಕೇಳ್ದೆ.”

“ಅಯ್ಯೋ ನಿನ್ನ! ಅವರಿಗೇ ಎದುರು ಮಾತಾಡಿದ್ಯಾ?”

“ಎದುರಲ್ಲ, ಕೇಳ್ದೆ ಅಷ್ಟೆ. ಅದಕ್ಕವರು, ಹಾಗಾದ್ರೆ ಅಂಗಡೀಲಿದ್ದೇ ಆಸೆ ಬಿಡೋ ಸರದಿ ಈಗ ನಿನ್ನ ಗಂಡಂದು, ನೀನು ಕೂತ್ಕೋ ಅಂದ್ರು.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಸೂಜಿಗೆ ದಾರ ಪೋಣಿಸೋ ಮುಂಚೆ ಅವನ ಕನ್ನಡಕ ಹುಡುಕಿಕೊಡೋಕೂ ನೀನೇ ಬೇಕಲ್ಲೇ!”

“ಹುಡುಕ್ಕೊಳ್ಳಲಿ. ಆದ್ರೆ ನಮ್ಮನೇಲಿ ಕೂತ್ರೆ ನಿಮಿಷಕ್ಕೊಂದು ಸಲ ಕರೀತಾರೆ. ನಿನ್ನ ಮೇಲಿನ ಕೋಣೆ ಕೊಡ್ತೀಯಾ ಅಕ್ಕಾ?”

“ಹಳೇ ಸಾಮಾನೆಲ್ಲ ತುಂಬಿದೀನಿ. ಕಿಟಕಿ ಬೇರೆ ಅಂಗೈಯಗಲ.”

“ಒಳಗಡೆಯಿಂದ ಚಿಲಕ ಇದೆಯಾ?”

“ಇದೆ.”

“ಅಷ್ಟು ಸಾಕು.”

ಕೌಂಟರಿನಲ್ಲಿ ಅವರ ನಂಬರು ಕರೆದರು. ಅಕ್ಕ ಎದ್ದು ನಿಂತಳು. “ಏಳು, ಸಾಮಾನು ಇವತ್ತೇ ಕೆಳಗಿಳಿಸೋಣ” ಎಂದು ಅವಳ ಕೈ ಹಿಡಿದು ಮುಂದೆ ಹೋದಳು.