ನಿದ್ದೆಗೆಟ್ಟ ಅಕ್ಕ

ಬೈಪೋಲಾರ್ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆಂದು ಹುಡುಕುವವರಿಗೆ ರಕ್ತ ಕೊಡಲು ಅಕ್ಕ, ತಮ್ಮ ಆಸ್ಪತ್ರೆಯಲ್ಲಿ ಕಾದು ಕೂತಿದ್ದರು. ನಲ್ಲಿ ರಿಪೇರಿಗೆ ಬಂದು ಬೀಗದ ಕೈಗಾಗಿ ಕಾಯುತ್ತಿದ್ದ ಪ್ಲಂಬರನಿಗೆ ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಕಾಯಿಲೆ ನಂದು. ನಿನ್ನ ರಕ್ತ ಯಾಕಂತೆ?” ತಮ್ಮ ಕೇಳಿದ.

“ಕಾಯಿಲೆ ಇಲ್ಲದೋರದ್ದೂ ಬೇಕಂತೆ, ಹೋಲಿಸಿ ನೋಡೋಕೆ. ನನ್ನ ಫಾರ್ಮ್ ನೀನೇ ತುಂಬಪ್ಪಾ, ಕಣ್ಣು ಎಳೀತಿದೆ.”

“ವಾರಗಟ್ಟಲೆ ನಿದ್ದೆಯಿಲ್ಲದೆ ಕಳೆದದ್ದುಂಟೇ?” ತಮ್ಮ ಫಾರ್ಮಿನ ಪ್ರಶ್ನೆ ಓದಿದ.

“ಹೂಂ. ಮೂರು ಸಲ.”

“ಅದು ನನಗಲ್ವೇನಕ್ಕಾ?”

“ನೀನು ರಾತ್ರಿಯೆಲ್ಲ ಬೀದಿ ಸುತ್ತುವಾಗ ನಾನೇನು ಗೊರಕೆ ಹೊಡೀತಿದ್ನಾ?”

“ಹಂಗಂತ ಬರೆದ್ರೆ ನಿನ್ನನ್ನೂ ನನ್ನ ಪಟ್ಟಿಗೇ ಸೇರಿಸ್ತಾರೆ.”

ಅಕ್ಕ ಗೋಡೆಗೊರಗಿ ನಿದ್ದೆಹೋಗಿದ್ದಳು.

“ಆರೋಗ್ಯವಂತರು ಮೊದಲು ಬನ್ನಿ,” ನರ್ಸ್ ಕರೆದಳು.

ತಮ್ಮ ಅಕ್ಕನನ್ನು ಎಬ್ಬಿಸದೆ, ಅಂಗಿಯ ತೋಳು ಮಡಚುತ್ತ ತಾನೇ ಎದ್ದ. ಹೋಗುವ ಮುನ್ನ ಪ್ಲಂಬರನತ್ತ ಬಗ್ಗಿದ.

“ನಮ್ಮಕ್ಕನ್ನ ಸ್ವಲ್ಪ ನೋಡ್ಕೊಳ್ತೀರಾ?”