ನಾಳೆ ರಜೆ

ಚಿಕ್ಕಂದಿನಲ್ಲಿ ಅವ್ವ ಬುತ್ತಿ ಕಟ್ಟುವಾಗ ಬರುತ್ತಿದ್ದ ಶೇಂಗಾ ಚಟ್ನಿಯ ವಾಸನೆ ಮೊನ್ನೆ ಬ್ರೂಕ್‌ಫೀಲ್ಡ್ ಬಸ್‌ಸ್ಟಾಪಿನಲ್ಲಿ ಬಂತು. ಪಕ್ಕದಲ್ಲಿ ಯಾವುದೋ ಸಾಫ್ಟ್‌ವೇರ್ ಆಫೀಸಿನ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಸಿಟ್ಟಿನಿಂದ ಕುದಿಯುತ್ತಿದ್ದಳು.

“ನಾನು ಮಾಡಿದ್ದು ಹೆಡ್‌ಲೆಸ್ ಸಿಎಂಎಸ್ ಅನ್ನೋ ಸಾಫ್ಟ್‌ವೇರ್ ಕಣೇ ಕಾವ್ಯಾ, ಒಂದು ಕಡೆ ಬರೆದ್ರೆ ನಮ್ಮ ಕ್ಲೈಂಟ್ ಫ್ಯಾಕ್ಟರಿ ವೆಬ್‌ಸೈಟಿಗೂ ಕಾರ್ಮಿಕರ ಮೊಬೈಲಿಗೂ ಹೋಗುತ್ತೆ. ಅದಕ್ಕೇ ಇನ್ನೊಬ್ಬರು ಒಪ್ಪದೆ ಏನೂ ಹೊರಗೆ ಹೋಗದ ಹಾಗೆ ಕಟ್ಟಿದ್ದೆ.”

“ಅದನ್ನ ನಮ್ಮ ಮ್ಯಾನೇಜರ್ರೇ ತೆಗೆಸಿದ್ರಲ್ವಾ?”

“ತಡ ಆಗುತ್ತಂತೆ! ನಿನ್ನೆ ಅವರೇ ಟೆಸ್ಟ್ ಮಾಡೋಕೆ ‘ನಾಳೆ ರಜೆ’ ಅಂತ ಬರೆದು ಪಬ್ಲಿಶ್ ಒತ್ತಿದ್ರು. ನಂಬಿ ಮನೇಲುಳಿದವರಿಗೆಲ್ಲ ಇವತ್ತು ಆಬ್ಸೆಂಟ್.”

“ನಿಂಗೇನಂದ್ರು?”

“ತಪ್ಪು ನಂದು ಅಂತ ಬರೆದುಕೊಡಬೇಕಂತೆ.”

“ಕೊಡ್ತೀಯಾ?”

“ಸತ್ರೂ ಇಲ್ಲ. ಒತ್ತಿದವರ ಹೆಸರು ಸಿಸ್ಟಮ್‌ನಲ್ಲೇ ಇದೆ. ಜಿಗಣಿ ಫ್ಯಾಕ್ಟರಿಗೇ ಹೋಗಿ ತೋರಿಸ್ತೀನಿ.”

“ಊಟ?”

“ಯಾರಿಗೆ ಬೇಕು?”

ಬಸ್ಸು ಬಂತು. ಕಾವ್ಯಾ ತನ್ನ ರೊಟ್ಟಿ-ಚಟ್ನಿಯ ಡಬ್ಬಿಯನ್ನು ಅವಳ ಕೈಗಿಟ್ಟಳು.